ಹಾಲಿನ ಲೆಕ್ಕದ ಕೆಳಗೆ ಕೆಂಪು ಅಂಕಿ

ಯುಗಾದಿಗೆ ಮುಂಚೆ ಅಟ್ಟ ಗುಡಿಸುವಾಗ 2022ರ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಸಿಕ್ಕಿತು. ನಮ್ಮತ್ತೆ ಹಳೆಯ ಕ್ಯಾಲೆಂಡರ್ ಬಿಸಾಡುವವರಲ್ಲ, ಡಬ್ಬಿಗಳ ತಳಕ್ಕೆ ಹಾಸಲು ಬರುತ್ತದೆ ಅಂತ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಬಿಚ್ಚಿ ನೋಡಿದೆ. ಪ್ರತಿ ಚೌಕದಲ್ಲೂ ನೀಲಿ ಪೆನ್ನಿನಲ್ಲಿ ಹಾಲಿನ ಲೆಕ್ಕ. ಒಂದು, ಒಂದು, ನೆಂಟರು ಬಂದ ದಿನ ಒಂದೂವರೆ. ಮೇ 9ನೇ ತಾರೀಖಿನ ಚೌಕದಿಂದ ಹಾಲಿನ ಲೆಕ್ಕದ ಕೆಳಗೆ ಕೆಂಪು ಪೆನ್ನಿನಲ್ಲಿ ಇನ್ನೊಂದು ಅಂಕಿ ಶುರುವಾಗಿದೆ. 8. 8. 7. 8. 9. ಆ 9ಕ್ಕೆ ಎರಡು ಸಲ ಸುತ್ತು ಹಾಕಿದ್ದೇನೆ.

ಅದು ದಿನದ ಮೊದಲ ಹೆಜ್ಜೆಯ ಲೆಕ್ಕ. ಬೆಳಿಗ್ಗೆ ಮಂಚದಿಂದ ಇಳಿದು ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗಿದ ಕ್ಷಣ ನೋವು ಹತ್ತಕ್ಕೆ ಎಷ್ಟು ಅನ್ನುವ ಅಂಕಿ. ನಾನು ಗಣಿತದ ಟೀಚರು, ಹೈಸ್ಕೂಲಿಗೆ ಪಾಠ ಮಾಡುತ್ತೇನೆ. ಪರೀಕ್ಷೆ ಪೇಪರಿಗೆ ಬಳಸುವ ಕೆಂಪು ಪೆನ್ನು ಯಾವಾಗಲೂ ಕೈಗೆ ಸಿಗುವ ಹಾಗೆ ಇರುತ್ತದೆ, ಹಾಗಾಗಿ ನೋವಿಗೂ ಅದೇ ಬಣ್ಣ ಬಂತು.

ಹಿಮ್ಮಡಿ ನೋವು ಬಂದವರಿಗೆ ಆ ಮೊದಲ ಹೆಜ್ಜೆಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಬಾರದವರಿಗೆ ಹೇಳುತ್ತೇನೆ. ರಾತ್ರಿಯಿಡೀ ಕಾಲಿಗೆ ಏನೂ ಆಗಿರುವುದಿಲ್ಲ. ಮಲಗಿದ್ದಾಗ ನೋವೇ ಇಲ್ಲ. ಎದ್ದು ಕಾಲೂರಿದ ತಕ್ಷಣ ಹಿಮ್ಮಡಿಯ ಒಳಬದಿಯಲ್ಲಿ, ಸ್ವಲ್ಪ ಮುಂದಕ್ಕೆ, ಒಡೆದ ಗಾಜಿನ ಚೂರು ತುಳಿದ ಹಾಗೆ ಚುಳಕ್ ಅನ್ನುತ್ತದೆ. ಗೋಡೆ ಹಿಡಿದು, ಕಾಲನ್ನು ಓರೆ ಮಾಡಿ, ಹೊರಗಿನ ಅಂಚಿನಲ್ಲೇ ಬಚ್ಚಲಿನ ತನಕ ನಡೆಯಬೇಕು. ಇಪ್ಪತ್ತು ಮೂವತ್ತು ಹೆಜ್ಜೆ ಆದಮೇಲೆ ಸ್ವಲ್ಪ ಸಡಿಲ. ಹಾಲು ಕಾಯಿಸಿ, ಡಬ್ಬಿ ಕಟ್ಟುವ ಹೊತ್ತಿಗೆ ಮರೆತೇ ಹೋಗಿರುತ್ತದೆ. ಬಸ್ಸಿನಲ್ಲಿ ಅರ್ಧ ಗಂಟೆ ಕೂತು ಇಳಿದರೆ ಮತ್ತೆ ಅದೇ ಗಾಜಿನ ಚೂರು. ಸಂಜೆಗೆ ಬೇರೆ ತರಹ, ಪೂರ್ತಿ ಅಂಗಾಲು ಬೆಂದ ಹಾಗೆ, ಭಾರವಾಗಿ.

ಹೇಗೆ ಶುರುವಾಯಿತು ಅಂತ ಈಗ ನನಗೆ ಚೆನ್ನಾಗಿ ಗೊತ್ತು. ಆಗ ಗೊತ್ತಿರಲಿಲ್ಲ. ಕೊರೊನಾ ಕಾಲದಲ್ಲಿ ಒಂದೂವರೆ ವರ್ಷ ಪಾಠವೆಲ್ಲ ಮೊಬೈಲಿನ ಮುಂದೆ, ಕುರ್ಚಿಯಲ್ಲಿ ಕೂತು. 2021ರ ಆಗಸ್ಟ್ 23ಕ್ಕೆ ಒಂಬತ್ತು, ಹತ್ತನೇ ತರಗತಿ ಮತ್ತೆ ತೆರೆದವು, ಸೆಪ್ಟೆಂಬರಿನಲ್ಲಿ ಎಂಟನೆಯದೂ ಸೇರಿಕೊಂಡಿತು. ದಿನಕ್ಕೆ ಆರು ಪೀರಿಯಡ್, ನಲವತ್ತು ನಲವತ್ತು ನಿಮಿಷ, ಪೂರ್ತಿ ನಿಂತೇ. ನಮ್ಮ ಶಾಲೆಯಲ್ಲಿ ತರಗತಿಗಳಿಂದ ಟೀಚರುಗಳ ಕುರ್ಚಿ ತೆಗೆಸಿ ಆಗಲೇ ಕೆಲವು ವರ್ಷ ಆಗಿತ್ತು. ಕೂತರೆ ಪಾಠದಲ್ಲಿ ಚುರುಕು ಇರುವುದಿಲ್ಲ ಅನ್ನುವುದು ಆಡಳಿತದವರ ನಂಬಿಕೆ. ನೆಲಕ್ಕೆ ಹೊಸದಾಗಿ ಗ್ರಾನೈಟ್ ಹಾಕಿಸಿದ್ದರು. ನಾನು ಆ ಒಂದೂವರೆ ವರ್ಷದಲ್ಲಿ ಏಳು ಕೆ.ಜಿ. ಹೆಚ್ಚಾಗಿದ್ದೆ, ವಯಸ್ಸು 44. ಇದೆಲ್ಲ ಒಂದೇ ತಿಂಗಳಲ್ಲಿ ಎರಡು ಪಾದಗಳ ಮೇಲೆ ಬಂದು ಕೂತಿತು. ದಸರೆಯ ಹೊತ್ತಿಗೆ, ಗೊಂಬೆ ಇಳಿಸುವ ದಿನ ಬೆಳಿಗ್ಗೆ, ಮೊದಲ ಸಲ ಗೋಡೆ ಹಿಡಿದೆ.

ನೋವು ಬಂದರೆ ನಮ್ಮ ಕಡೆ ಮದ್ದು ಹೇಳದವರೇ ಇಲ್ಲ. ಅತ್ತೆ ಮೊದಲ ವಾರವೇ ಎಕ್ಕದ ಎಲೆ ತರಿಸಿದರು. ಇಟ್ಟಿಗೆಯನ್ನು ಕಾಯಿಸಿ, ಅದರ ಮೇಲೆ ಎಲೆ ಹಾಸಿ, ಹಿಮ್ಮಡಿಯನ್ನು ಒತ್ತಿ ಹಿಡಿಯುವುದು. ಶಾಖ ಹಿತವಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅತ್ತೆ ನೆಲದ ಮೇಲೆ ಕೂತು ನನ್ನ ಕಾಲನ್ನು ಕೈಯಲ್ಲಿ ಹಿಡಿದು ಎಲೆಯ ಮೇಲೆ ಇಡುತ್ತಿದ್ದರಲ್ಲ, ಅದು ಇನ್ನೂ ಹಿತ. ಆದರೆ ಬೆಳಿಗ್ಗೆ ಗಾಜಿನ ಚೂರು ಅಲ್ಲೇ ಇರುತ್ತಿತ್ತು. (ಎಕ್ಕ ಬಳಸುವವರು ಅದರ ಹಾಲು ಕಣ್ಣಿಗೆ ತಾಗದ ಹಾಗೆ ಎಚ್ಚರ ವಹಿಸಬೇಕು, ಎಲೆ ಕಿತ್ತ ಕೈ ಸೋಪು ಹಾಕಿ ತೊಳೆಯಲೇಬೇಕು. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಮಂದವಾದವರು ಈ ಕಾದ ಇಟ್ಟಿಗೆಯ ಹತ್ತಿರವೂ ಹೋಗಬಾರದು. ಸುಟ್ಟದ್ದು ಗೊತ್ತಾಗುವುದಿಲ್ಲ, ಆ ಗಾಯ ಬೇಗ ಒಣಗುವುದೂ ಇಲ್ಲ.)

ಆಮೇಲೆ ನೋವಿನ ಮುಲಾಮು, ಮಾತ್ರೆ, ಯಾರೋ ಹೇಳಿದರು ಅಂತ ಶೂ ಒಳಗೆ ಹಿಮ್ಮಡಿಗೆ ಇಡುವ ಮೆತ್ತನೆ ಜೆಲ್ ಬಟ್ಟಲು. ಕೊನೆಗೆ ಎಕ್ಸ್‌ರೇ. ಪಕ್ಕದಿಂದ ತೆಗೆದ ಆ ಚಿತ್ರದಲ್ಲಿ ಹಿಮ್ಮಡಿ ಮೂಳೆಯ ತಳದಿಂದ ಮುಂದಕ್ಕೆ ಚಾಚಿದ ಗಿಣಿಯ ಕೊಕ್ಕಿನಂಥ ಒಂದು ಚೂಪು. "ಎಲುಬು ಬೆಳೆದಿದೆ, ಮುಳ್ಳಿನ ಹಾಗೆ ಚುಚ್ಚುತ್ತಿದೆ" ಅಂದರು. ನೋಡಿದ ಮೇಲೆ ನಂಬದಿರಲು ಆಗುತ್ತದೆಯೇ? ಅಂದಿನಿಂದ ಪ್ರತಿ ಹೆಜ್ಜೆಗೂ ಆ ಕೊಕ್ಕೇ ಕಣ್ಣ ಮುಂದೆ ಬರುತ್ತಿತ್ತು. ಫೆಬ್ರವರಿಯಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಹಿಮ್ಮಡಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ಮೂರನೇ ದಿನಕ್ಕೆ ನೋವು ಮಾಯ. ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 28ಕ್ಕೆ ಶುರು, ಏಪ್ರಿಲ್ 11ಕ್ಕೆ ಮುಗಿಯಿತು. ಕೊಠಡಿ ಮೇಲ್ವಿಚಾರಣೆ ಅಂದರೆ ಮೂರು ಗಂಟೆಗೂ ಹೆಚ್ಚು ಹೊತ್ತು ಬೆಂಚುಗಳ ನಡುವೆ ಓಡಾಡುತ್ತಲೇ ಇರಬೇಕು. ನೋವಿಲ್ಲವಲ್ಲ ಅಂತ ನಾನು ಎಲ್ಲ ದಿನವೂ ನಿಂತೆ. ಕೊನೆಯ ಪೇಪರಿನ ಮರುದಿನ ಬೆಳಿಗ್ಗೆ ಅದು ಮೊದಲಿಗಿಂತ ಜೋರಾಗಿ ವಾಪಸ್ ಬಂತು. ಇನ್ನೊಂದು ಇಂಜೆಕ್ಷನ್ ತೆಗೆದುಕೊಳ್ಳಬಹುದು ಅಂದರು. ಹೆದರಿಕೆಯಾಯಿತು.

ಹೆದರಿದ್ದು ಸರಿಯೇ ಇತ್ತು. ಸ್ಟಿರಾಯ್ಡ್ ಕೆಲವು ವಾರ ನೋವನ್ನು ಇಳಿಸುತ್ತದೆ. ಮತ್ತೆ ಮತ್ತೆ ತೆಗೆದುಕೊಂಡರೆ ಅಂಗಾಲಿನ ಪಟ್ಟಿ ಹರಿಯುವ, ಹಿಮ್ಮಡಿಯ ಕೆಳಗಿನ ಕೊಬ್ಬಿನ ಮೆತ್ತೆ ಸವೆಯುವ ಅಪಾಯ ಇದೆ. ನನಗೆ ಅದಕ್ಕಿಂತ ದೊಡ್ಡ ತೊಂದರೆ ಆದದ್ದು ಬೇರೆ: ನೋವು ನಿಂತದ್ದನ್ನು ಕಾಲು ವಾಸಿಯಾದದ್ದು ಅಂತ ತಿಳಿದು ಅದರ ಮೇಲೆ ಇನ್ನೂ ಭಾರ ಹೇರಿದೆ.

ಮೇ ತಿಂಗಳ ಮೊದಲ ವಾರ, ಸಹೋದ್ಯೋಗಿಯೊಬ್ಬರು ಹೇಳಿದ್ದಕ್ಕೆ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಹೋದೆ. ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿ. ನಾನು ಎಕ್ಸ್‌ರೇ ಕವರು ಮುಂದೆ ಹಿಡಿದೆ. ಅವಳು ಅದನ್ನು ಪಕ್ಕಕ್ಕಿಟ್ಟು, "ಕಾಲು ಕೊಡಿ ಮೇಡಂ" ಅಂದಳು. ಹೆಬ್ಬೆರಳನ್ನು ಮೇಲಕ್ಕೆ ಬಾಗಿಸಿ, ಇನ್ನೊಂದು ಕೈಯ ಬೆರಳನ್ನು ಅಂಗಾಲಿನ ನಡುವೆ ಇಟ್ಟು, "ಇಲ್ಲಿ ಮುಟ್ಟಿ ನೋಡಿ" ಅಂದಳು. ಚರ್ಮದ ಕೆಳಗೆ ತಂತಿಯ ಹಾಗೆ ಬಿಗಿದ ಒಂದು ಪಟ್ಟಿ ಕೈಗೆ ಸಿಕ್ಕಿತು. ಹೆಬ್ಬೆರಳು ಬಿಟ್ಟಳು, ಪಟ್ಟಿ ಸಡಿಲವಾಯಿತು. ಬಾಗಿಸಿದಳು, ಬಿಗಿಯಾಯಿತು, ಪಾದದ ಕಮಾನು ಕಣ್ಣೆದುರೇ ಮೇಲೆದ್ದಿತು. ನಾಲ್ಕೈದು ಸಲ ನಾನೇ ಮಾಡಿ ನೋಡಿದೆ. ನಲವತ್ತನಾಲ್ಕು ವರ್ಷ ಇದೇ ಕಾಲಿನ ಮೇಲೆ ನಡೆದಿದ್ದೆ, ಇದನ್ನು ಮುಟ್ಟಿರಲಿಲ್ಲ.

ಪಾದದಲ್ಲಿ 26 ಮೂಳೆ. ಅವು ಸೇರಿ ಕಮಾನು. ಹಿಮ್ಮಡಿ ಮೂಳೆಯಿಂದ ಹೊರಟು ಬೆರಳುಗಳ ಬುಡಕ್ಕೆ ಹರಡಿ ಹೋಗುವ ಗಟ್ಟಿ ಪಟ್ಟಿಯೇ ಆ ಕಮಾನು ಚಪ್ಪಟೆಯಾಗದ ಹಾಗೆ ಕೆಳಗಿನಿಂದ ಹಿಡಿದಿರುವ ಹಗ್ಗ. ವೈದ್ಯರು ಹೇಳುವ ಪ್ಲಾಂಟರ್ ಫ್ಯಾಸಿಯಾ ಇದೇ. ಹೆಜ್ಜೆ ಎತ್ತುವಾಗ ಬೆರಳುಗಳು ಮೇಲಕ್ಕೆ ಬಾಗುತ್ತವೆ, ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡ ಹಾಗೆ ಪಟ್ಟಿ ಬೆರಳ ಬುಡಕ್ಕೆ ಸುತ್ತಿಕೊಂಡು ಬಿಗಿಯಾಗುತ್ತದೆ, ಕಮಾನು ಗಟ್ಟಿಯಾಗಿ ದೇಹವನ್ನು ಮುಂದಕ್ಕೆ ತಳ್ಳುತ್ತದೆ. ಹಿಕ್ಸ್ ಅನ್ನುವ ಸಂಶೋಧಕರು 1954ರಲ್ಲಿ ಇದನ್ನು ವಿವರಿಸಿ ರಾಟೆಯ ಹೋಲಿಕೆಯನ್ನೇ ಕೊಟ್ಟರು. ನಾವು ಮಲಗಿದಾಗ ಪಾದ ಕೆಳಕ್ಕೆ ಬಾಗಿರುತ್ತದೆ, ಪಟ್ಟಿ ಕುಗ್ಗಿದ ಸ್ಥಿತಿಯಲ್ಲೇ ರಾತ್ರಿ ಕಳೆಯುತ್ತದೆ. ಬೆಳಿಗ್ಗೆ ಇಡೀ ದೇಹದ ಭಾರ ಒಮ್ಮೆಗೇ ಅದನ್ನು ಎಳೆಯುತ್ತದೆ. ಮೊದಲ ಹೆಜ್ಜೆಯ ಗಾಜಿನ ಚೂರು ಅಲ್ಲಿಂದ ಬರುತ್ತದೆ.

"ಹಾಗಾದರೆ ಆ ಮುಳ್ಳು?" ಅಂತ ಕೇಳಿದೆ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಆ ಕೊಕ್ಕು ಇರುತ್ತದೆ, ನೋವು ಪೂರ್ತಿ ಹೋದವರಲ್ಲೂ ಉಳಿದಿರುತ್ತದೆ ಅಂದಳು. ಅದು ಚುಚ್ಚುತ್ತಿಲ್ಲ. ಹಗ್ಗ ಬಹಳ ದಿನ ಎಳೆತ ತಿಂದದ್ದಕ್ಕೆ ಉಳಿದ ಗುರುತು ಅಂತ ತಿಳಿದುಕೊಳ್ಳಿ ಅಂದಳು. ಆ ರಾತ್ರಿ ನಾನು ತಿಂಗಳುಗಳ ನಂತರ ಎಕ್ಸ್‌ರೇಯ ಯೋಚನೆ ಇಲ್ಲದೆ ಮಲಗಿದೆ.

ಮುಳ್ಳು ಅನ್ನುವ ಕಲ್ಪನೆ ಹಳೆಯದು. ಸುಶ್ರುತ ಸಂಹಿತೆಯ ನಿದಾನ ಸ್ಥಾನದಲ್ಲಿ ಇದೇ ಭಾಗದ ನೋವೊಂದರ ಹೆಸರು ವಾತಕಂಟಕ. ಕಂಟಕ ಅಂದರೆ ಮುಳ್ಳೇ. ಆದರೆ ಅಲ್ಲಿ ಹೇಳಿರುವ ಕಾರಣ ಕುತೂಹಲದ್ದು: ಪಾದವನ್ನು ವಿಷಮವಾಗಿ, ಏರುಪೇರಾಗಿ ಊರುವುದು. ಹೆಸರಿನಲ್ಲಿ ಮುಳ್ಳಿದ್ದರೂ ಕಾರಣದಲ್ಲಿ ಭಾರದ ಮಾತಿದೆ. ನಾವು ಹೆಸರನ್ನು ಮಾತ್ರ ಹಿಡಿದುಕೊಂಡೆವು. ಮುಳ್ಳಾದರೆ ಕಿತ್ತು ಹಾಕಬಹುದು, ಕರಗಿಸಬಹುದು, ಸೂಜಿಯಿಂದ ಸುಮ್ಮನಾಗಿಸಬಹುದು. ಹಗ್ಗ ನವೆದಿದ್ದರೆ ಹಾಗೆಲ್ಲ ಮಾಡಲು ಬರುವುದಿಲ್ಲ, ಅದನ್ನು ಸ್ವಲ್ಪ ಸ್ವಲ್ಪವೇ ಮತ್ತೆ ಗಟ್ಟಿ ಮಾಡಬೇಕು. ನನ್ನ ಏಳು ತಿಂಗಳು ಹೋದದ್ದು ಮುಳ್ಳು ಕೀಳುವುದರಲ್ಲೇ.

ಇಷ್ಟು ದಿನ ಉಳಿದ ನೋವಿನಲ್ಲಿ ಉರಿಯೂತ ದೊಡ್ಡದಾಗಿ ಇರುವುದೂ ಇಲ್ಲವಂತೆ. 2003ರಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯಾದ 50 ಜನರ ಪಟ್ಟಿಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಕಂಡದ್ದು ಸವೆತ, ಎಳೆಗಳ ಅಸ್ತವ್ಯಸ್ತತೆ. ಉರಿಯೂತದ ಮಾತ್ರೆ ನುಂಗಿದರೆ ಆ ದಿನ ಕಳೆಯುತ್ತದೆ, ಎಳೆಗಳು ಕೂಡಿಕೊಳ್ಳುವುದಿಲ್ಲ.

ಕೆಂಪು ಅಂಕಿ ಶುರುವಾದದ್ದು ಆಗ. "ದಿನವಿಡೀ ಎಷ್ಟು ನೋವು ಅಂತ ಯೋಚಿಸಬೇಡಿ. ಬೆಳಿಗ್ಗೆಯ ಮೊದಲ ಹೆಜ್ಜೆಯದ್ದು ಮಾತ್ರ ಬರೆಯಿರಿ. ಹಿಂದಿನ ದಿನ ಕಾಲಿಗೆ ಕೊಟ್ಟ ಕೆಲಸ ಹೆಚ್ಚಾಯಿತೋ ಸರಿ ಹೋಯಿತೋ ಅದೇ ಹೇಳುತ್ತದೆ" ಅಂದಿದ್ದಳು. ಗಣಿತದವಳಿಗೆ ಈ ಮಾತು ತಕ್ಷಣ ಹಿಡಿಸಿತು.

ಮೊದಲ ಕೆಲಸ ಮಂಚದ ಮೇಲೆ, ಕಾಲು ನೆಲಕ್ಕೆ ತಾಗುವ ಮುಂಚೆ. ನೋವಿರುವ ಕಾಲನ್ನು ಇನ್ನೊಂದು ಮಂಡಿಯ ಮೇಲೆ ಅಡ್ಡ ಹಾಕಿಕೊಂಡು, ಬೆರಳುಗಳ ಬುಡ ಹಿಡಿದು, ಮೊಣಕಾಲಿನ ಕಡೆಗೆ ಹಿಂದಕ್ಕೆ ಎಳೆಯಬೇಕು. ಅಂಗಾಲಿನಲ್ಲಿ ಆ ತಂತಿ ಬಿಗಿಯಾದದ್ದು ಇನ್ನೊಂದು ಕೈಗೆ ತಿಳಿಯಬೇಕು, ಆಗಲೇ ಸರಿಯಾಗಿ ಎಳೆದಿದ್ದೀರಿ ಅಂತ. ಹತ್ತು ಎಣಿಸುವ ತನಕ ಹಿಡಿದು ಬಿಡುವುದು, ಹತ್ತು ಸಲ. ಇಂಥದ್ದು ದಿನಕ್ಕೆ ಮೂರು ಬಾರಿ. ಅಮೆರಿಕದ ರೋಚೆಸ್ಟರಿನಲ್ಲಿ ಹತ್ತು ತಿಂಗಳಾದರೂ ನೋವು ಬಿಡದ 101 ಜನರ ಮೇಲೆ ಇದನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಬರೀ ಮೀನಖಂಡ ಎಳೆಯುವ ವ್ಯಾಯಾಮಕ್ಕಿಂತ ಇದು ಎಂಟು ವಾರದಲ್ಲಿ ಹೆಚ್ಚು ಉಪಕಾರ ಮಾಡಿತ್ತು. ಖರ್ಚು ಸೊನ್ನೆ. ಬೆಳಿಗ್ಗೆ ಐದೂವರೆಗೆ ಕತ್ತಲಲ್ಲಿ ಮಂಚದ ಅಂಚಿನಲ್ಲಿ ಕೂತು ನಾನು ಮಗ್ಗಿ ಹೇಳಿಕೊಳ್ಳುತ್ತಾ ಎಳೆಯುತ್ತಿದ್ದೆ.

ಎರಡನೆಯದು ಮೆಟ್ಟಿಲಿನ ಕೆಲಸ. ಇದರಲ್ಲೇ ನನ್ನ ಕಾಲು ಬದಲಾದದ್ದು ಅಂತ ನನ್ನ ನಂಬಿಕೆ, ಹಾಗಾಗಿ ವಿವರವಾಗಿ ಬರೆಯುತ್ತೇನೆ. ಕೈ ಒರೆಸುವ ಟವೆಲ್ಲನ್ನು ಬಿಗಿಯಾಗಿ ಸುತ್ತಿ ಮೆಟ್ಟಿಲ ಅಂಚಿನಲ್ಲಿ ಇಡಬೇಕು. ಬರಿಗಾಲಿನಲ್ಲಿ ಬೆರಳುಗಳನ್ನು ಅದರ ಮೇಲೆ ಏರಿಸಿ ಮೇಲ್ಮುಖವಾಗಿ ಬಾಗಿಸಿಟ್ಟು, ಹಿಮ್ಮಡಿಯನ್ನು ಮೆಟ್ಟಿಲಿನಿಂದ ಹೊರಗೆ ಬಿಟ್ಟು ನಿಲ್ಲಬೇಕು. ಗೋಡೆಗೆ ಕೈ. ಮೂರು ಎಣಿಕೆಗೆ ಹಿಮ್ಮಡಿ ಮೇಲೆ, ಎರಡು ಎಣಿಕೆ ಅಲ್ಲೇ, ಮೂರು ಎಣಿಕೆಗೆ ಕೆಳಗೆ. ಅವಸರ ಕೂಡದು. ಒಂದು ದಿನ ಬಿಟ್ಟು ಒಂದು ದಿನ. ಡೆನ್ಮಾರ್ಕಿನವರ ಪದ್ಧತಿ ಇದು. ಅಲ್ಲಿ 48 ಜನರಲ್ಲಿ ಮಾಡಿ ನೋಡಿದಾಗ ಮೂರು ತಿಂಗಳಿಗೆ ಬರೀ ಎಳೆತದ ವ್ಯಾಯಾಮ ಮಾಡಿದವರಿಗಿಂತ ಇವರು ಮುಂದಿದ್ದರು. ಒಂದು ವರ್ಷಕ್ಕೆ ಎರಡೂ ಗುಂಪು ಸಮ. ಅಂದರೆ ಬೇಗ ದಾರಿ ಹಿಡಿಸಿತು ಅಷ್ಟೇ, ಆದರೆ ನೋವು ತಿನ್ನುವವರಿಗೆ ಆ ಒಂಬತ್ತು ತಿಂಗಳು ಸಣ್ಣದಲ್ಲ.

ಮೊದಲ ದಿನ ಹೊಸ್ತಿಲ ಅಂಚಿನಲ್ಲಿ ಟವೆಲ್ ಇಟ್ಟೆ, ಅತ್ತೆ ಒಳಗಿನಿಂದಲೇ "ಹೊಸ್ತಿಲು ತುಳೀಬೇಡ" ಅಂದರು. ಸರಿ, ಹಿತ್ತಲಿನ ಮೆಟ್ಟಿಲಿಗೆ ಹೋದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಎರಡೂ ಕಾಲಿನಲ್ಲಿ ಹನ್ನೆರಡು ಸಲ ಏರುವಷ್ಟರಲ್ಲಿ ಮೀನಖಂಡ ನಡುಗುತ್ತಿತ್ತು. ಮೂರು ಸುತ್ತು. ನೋವಾಯಿತು. ಹೆದರಿ ಫೋನು ಮಾಡಿದೆ. ತಡೆಯುವಷ್ಟು ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಯ ಅಂಕಿ ಏರಿದರೆ ಮಾತ್ರ ಕಡಿಮೆ ಮಾಡಿ ಅಂದಳು. ಸುತ್ತು ಹಾಕಿದ ಆ 9 ಮೇ 13ರದ್ದು. ಒಂದೇ ದಿನ ಎರಡು ಹೊತ್ತು ಮಾಡಿದ್ದರ ಫಲ. ಹಗ್ಗ ಅವಸರಕ್ಕೆ ಬಗ್ಗುವುದಿಲ್ಲ ಅಂತ ಆ ಚೌಕ ಕಲಿಸಿತು. ಮೇ 16ಕ್ಕೆ ಕಲಿಕಾ ಚೇತರಿಕೆಗೆಂದು ಶಾಲೆಗಳು ಬೇಗನೆ ತೆರೆದವು, ಆ ವಾರ ಮತ್ತೆ 8, 8. ಜೂನ್ ಕೊನೆಗೆ ಒಂಟಿ ಕಾಲಿಗೆ ಬಂದೆ. ಜುಲೈನಲ್ಲಿ ಬೆನ್ನಿಗೆ ಮಗನ ಹಳೆಯ ಸ್ಕೂಲ್ ಬ್ಯಾಗು, ಅದರೊಳಗೆ ತಿದ್ದಲು ತಂದ ನೋಟ್‌ಬುಕ್ಕುಗಳು. ಸಲ ಕಡಿಮೆ, ಭಾರ ಹೆಚ್ಚು, ಸುತ್ತು ಹೆಚ್ಚು. ಶ್ರಾವಣದ ಹೊತ್ತಿಗೆ ಚೌಕಗಳಲ್ಲಿ 5, 4, 5 ಕಾಣುತ್ತವೆ. ಗೌರಿ ಹಬ್ಬದ ವಾರ ಮೂರು ದಿನ ಸತತ 6. ಅಷ್ಟೊಂದು ಹೋಳಿಗೆ ನಿಂತು ಬೇಯಿಸಿದರೆ ಏರದೆ ಇನ್ನೇನು. ಅದು ಇಳಿಯಿತು ಕೂಡ. ನವೆಂಬರಿನಲ್ಲಿ 2, 1, ಕೆಲವು ಚೌಕ ಖಾಲಿ. ಡಿಸೆಂಬರಿನ ಹಾಳೆಯಲ್ಲಿ ಬರೀ ಹಾಲು.

ಏಳು ತಿಂಗಳಾಯಿತು. ಹೆಚ್ಚಿನವರಿಗೆ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಇದು ಇಳಿಯುತ್ತದೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ನಾನು ಎಷ್ಟು ನಿರಾಳವಾಗಿ ಇರುತ್ತಿದ್ದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಡುವೆ ಮನೆಯ ನೆಲದ ವಿಷಯ ಬಂತು. ನಾವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ಜನ. ಶಾಲೆಯಲ್ಲಿ ಎಷ್ಟೇ ಒಳ್ಳೆಯ ಶೂ ಹಾಕಿದರೂ ಬೆಳಿಗ್ಗೆ ಮೂರು ಗಂಟೆ, ಸಂಜೆ ನಾಲ್ಕು ಗಂಟೆ ವಿಟ್ರಿಫೈಡ್ ಟೈಲ್ಸಿನ ಮೇಲೆ ಬರಿಗಾಲು. ಹಿಮ್ಮಡಿಯ ಕೆಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ಕೋಣೆಗಳಲ್ಲಿ ತುಂಬಿಟ್ಟ ಕೊಬ್ಬಿನ ಮೆತ್ತೆ ಇರುತ್ತದೆ, ವಯಸ್ಸಾದ ಹಾಗೆ ಅದರ ಪುಟಿತ ಕಡಿಮೆಯಾಗುತ್ತದೆ. ಮಣ್ಣಿನ ನೆಲ ಕಾಲಿಗೆ ಬಗ್ಗಿದಷ್ಟು ಟೈಲ್ಸ್ ಬಗ್ಗುವುದಿಲ್ಲ. ಮನೆಯೊಳಗೆ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ಹಾಕಿಕೊಳ್ಳಿ ಅಂತ ಫಿಸಿಯೋ ಅಂದಾಗ ನನಗೇ ಮನಸ್ಸು ಬರಲಿಲ್ಲ, ಇನ್ನು ಅತ್ತೆಗೆ ಹೇಗೆ ಹೇಳುವುದು? ಅಡುಗೆ ಮನೆಯಲ್ಲಿ ಚಪ್ಪಲಿ! ಎರಡು ದಿನ ಮಾತಿಲ್ಲ. ಮೂರನೇ ದಿನ ಅವರೇ ಅಂದರು, ಅಂಗಡಿಯಿಂದ ಹೊಸದಾಗಿ ತಂದದ್ದನ್ನು ಹೊಸ್ತಿಲಿನ ಆಚೆ ಮೆಟ್ಟಿಕೊಂಡು ಹೋಗಬೇಡ, ಮನೆಯೊಳಗೇ ಇರಲಿ, ದೇವರ ಮನೆಯ ಮುಂದೆ ಬಿಡು. ಈಗ ದೇವರ ಮನೆಯ ಬಾಗಿಲಲ್ಲಿ ಎರಡು ಜೊತೆ ಇರುತ್ತವೆ. ಒಂದು ಅವರದು.

ಈ ಎಂಸಿಆರ್ ಅನ್ನುವ ಸಣ್ಣ ರಂಧ್ರಗಳ ಮೆತ್ತನೆ ರಬ್ಬರಿನ ಹಿಂದೆ ದೊಡ್ಡ ಕಥೆ ಇದೆ. ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಗಾಯವಾದದ್ದೇ ಗೊತ್ತಾಗುತ್ತಿರಲಿಲ್ಲ, ಗಾಯ ಹುಣ್ಣಾಗಿ ಪಾದವೇ ಹೋಗುತ್ತಿತ್ತು. ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಅಂಥವರ ಪಾದರಕ್ಷೆಗಾಗಿ ವರ್ಷಗಟ್ಟಲೆ ದುಡಿದರು, ಭಾರವನ್ನು ಇಡೀ ಅಂಗಾಲಿಗೆ ಹಂಚುವ ಅಟ್ಟೆಗಳನ್ನು ಹುಡುಕಿದರು. ನೋವೇ ತಿಳಿಯದವರಿಗಾಗಿ ಹುಟ್ಟಿದ ಕಾಳಜಿ ನೋವು ತಾಳಲಾರದ ನನ್ನಂಥವರ ಕಾಲಿನ ತನಕ ಬಂತು. ಆ ಚಪ್ಪಲಿ ಮೆಟ್ಟುವಾಗ ನನಗೆ ಇದು ನೆನಪಾಗುತ್ತದೆ.

ಅಡುಗೆ ಮನೆಯ ಇನ್ನೊಂದು ವಿಷಯ. ನನ್ನ ಅಜ್ಜಿ ತರಕಾರಿ ಹೆಚ್ಚುತ್ತಿದ್ದದ್ದು ಈಳಿಗೆಮಣೆಯ ಮೇಲೆ ಕೂತು, ರುಬ್ಬುತ್ತಿದ್ದದ್ದು ಒರಳಿನ ಮುಂದೆ ಕೂತು, ಒಲೆ ಊದುತ್ತಿದ್ದದ್ದು ಕುಕ್ಕರಗಾಲಿನಲ್ಲಿ. ಅವರ ಬೆನ್ನಿಗೆ, ಕಣ್ಣಿಗೆ, ಹೊಗೆ ತುಂಬಿದ ಎದೆಗೆ ಆದದ್ದನ್ನು ನಾನು ನೋಡಿದ್ದೇನೆ, ಆ ಅಡುಗೆ ಮನೆ ವಾಪಸ್ ಬರಲಿ ಅಂತ ಖಂಡಿತ ಹೇಳುವುದಿಲ್ಲ. ಆದರೆ ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ನಮ್ಮ ಹೆಂಗಸರ ದಿನದಿಂದ ಕುಕ್ಕರಗಾಲು ಹೋಯಿತು, ಕೂರುವುದೂ ಹೋಯಿತು. ಕುಕ್ಕರಗಾಲಿನಲ್ಲಿ ಹಿಮ್ಮಡಿ ನೆಲಕ್ಕೆ ಊರಿ ಕೂರಬೇಕಾದರೆ ಕಣಕಾಲಿನ ಕೀಲು ಪೂರ್ತಿ ಬಾಗಬೇಕು. ನನ್ನದು ಬಾಗುತ್ತಿರಲಿಲ್ಲ. ಹೆಬ್ಬೆರಳನ್ನು ಗೋಡೆಯಿಂದ 10 ಸೆಂಟಿಮೀಟರ್ ದೂರ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ ಅಂದಳು ಫಿಸಿಯೋ. ಎಡಗಾಲು ತಾಗಿತು. ಬಲಗಾಲು ಆರೇ ಸೆಂಟಿಮೀಟರಿಗೆ ನಿಂತುಬಿಟ್ಟಿತು. ಸ್ಕೇಲು ಇಟ್ಟು ಅಳೆದಿದ್ದೆ. ಕಣಕಾಲು ಬಾಗದಿರುವುದು, ದೇಹದ ತೂಕ ಹೆಚ್ಚಿರುವುದು, ದಿನದ ಹೆಚ್ಚು ಹೊತ್ತು ನಿಂತೇ ದುಡಿಯುವುದು, ಈ ಮೂರೂ ಹಿಮ್ಮಡಿ ನೋವಿನ ಜೊತೆ ಹೋಗುತ್ತವೆ ಅಂತ ಅಧ್ಯಯನಗಳು ತೋರಿಸಿವೆ. ನನ್ನಲ್ಲಿ ಮೂರೂ ಇದ್ದವು. ಮೀನಖಂಡವನ್ನು ಗೋಡೆಗೆ ಕೈಕೊಟ್ಟು ಎಳೆಯುವುದನ್ನು ಎರಡು ರೀತಿ ಮಾಡಬೇಕು, ಮಂಡಿ ನೇರ ಇಟ್ಟು ಒಂದು, ಮಂಡಿ ಬಾಗಿಸಿ ಇನ್ನೊಂದು, ಯಾಕೆಂದರೆ ಅಲ್ಲಿರುವ ದೊಡ್ಡ ಸ್ನಾಯುಗಳು ಎರಡು. ಕುಕ್ಕರ್ ಮೂರು ಸೀಟಿ ಹಾಕುವಷ್ಟರಲ್ಲಿ ಎರಡೂ ಮುಗಿಯುತ್ತದೆ. ಈಗ ಬೀನ್ಸ್, ಅವರೆಕಾಯಿ ಬಿಡಿಸುವುದು ಕೂತೇ, ಅತ್ತೆಯ ಎದುರು.

ಎಲ್ಲ ಹಿಮ್ಮಡಿ ನೋವೂ ಇದಲ್ಲ, ಅದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಜೋಮು ಅಥವಾ ಉರಿ ಇದ್ದರೆ, ಊತ, ಜ್ವರ ಇದ್ದರೆ, ಬಿದ್ದ ನಂತರ ಕಾಲೂರಲು ಆಗದಿದ್ದರೆ, ಹಿಮ್ಮಡಿಯನ್ನು ಎರಡು ಪಕ್ಕದಿಂದ ಹಿಂಡಿದರೆ ಜೋರು ನೋವಾದರೆ ಮೊದಲು ವೈದ್ಯರಿಗೆ ತೋರಿಸಬೇಕು. ಕೊನೆಯದ್ದು ಮೂಳೆಯಲ್ಲಿ ಬಿರುಕಿರುವ ಸೂಚನೆ ಇರಬಹುದು. ಹದಿಹರೆಯ ದಾಟಿದ ಹುಡುಗ ಹುಡುಗಿಯರಿಗೆ ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಿಗ್ಗೆ ಬೆನ್ನು ಹಿಡಿದುಕೊಳ್ಳುತ್ತಿದ್ದರೆ ಅದು ಬೇರೆಯೇ ಸಂಧಿವಾತ ಇರಬಹುದು. ಸಕ್ಕರೆ ಕಾಯಿಲೆಯವರು ಏನೇ ಮಾಡುವ ಮುಂಚೆ ಪಾದ ತೋರಿಸಿಕೊಳ್ಳಬೇಕು.

ಕಾಲು ವಾಸಿಯಾದ ಮೇಲೂ ಒಂದು ಮಾತು ನನ್ನನ್ನು ಬಿಡಲಿಲ್ಲ. ದಸರೆಗೆ ಸೀರೆ ತರಲು ಪೇಟೆಯ ಅಂಗಡಿಗೆ ಹೋಗಿದ್ದೆ. ಸೀರೆ ಬಿಚ್ಚಿ ತೋರಿಸುತ್ತಿದ್ದ ಹುಡುಗಿ ಒಂದು ಕಾಲನ್ನು ಎತ್ತಿ ಇನ್ನೊಂದರ ಮೇಲೆ ಇಟ್ಟು ನಿಲ್ಲುತ್ತಿದ್ದಳು, ಬಲ ಹಿಮ್ಮಡಿ ನೆಲಕ್ಕೆ ತಾಗದ ಹಾಗೆ. ಆ ನಿಲುವು ನನಗೆ ಗೊತ್ತು. "ಬೆಳಿಗ್ಗೆ ಎದ್ದ ತಕ್ಷಣ ಜಾಸ್ತಿಯಾ?" ಅಂತ ಕೇಳಿದೆ. ಅವಳು ಸೀರೆ ಮಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆ, ಊಟದ ಅರ್ಧ ಗಂಟೆ ಬಿಟ್ಟರೆ ಕೂರುವ ಹಾಗಿಲ್ಲ. ಗಿರಾಕಿ ಇಲ್ಲದಾಗಲೂ ಇಲ್ಲ. ಬೆರಳು ಎಳೆಯುವುದನ್ನು ಅಲ್ಲೇ ಸ್ಟೂಲಿನ ಮೇಲೆ ಕೂತು ತೋರಿಸಿಕೊಟ್ಟೆ. ಗಿರಾಕಿಗೆ ಮಾತ್ರ ಇದ್ದ ಸ್ಟೂಲದು.

ಕೇರಳದ ಕೋಯಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ಇಂಥದ್ದೇ ಹೆಂಗಸರು ನಿಂತು ನಿಂತು ಬೇಸತ್ತು ಕೂರುವ ಹಕ್ಕು ಕೇಳಿದರು. ವಿಜಿ ಅನ್ನುವ ದರ್ಜಿ ಹೆಂಗಸು ಕಟ್ಟಿದ ಪೆಣ್‌ಕೂಟ್ಟ್ ಅನ್ನುವ ಸಂಘ ಆ ಹೋರಾಟ ನಡೆಸಿತು. 2018ರಲ್ಲಿ ಕೇರಳ ತನ್ನ ಅಂಗಡಿ ಮುಂಗಟ್ಟುಗಳ ಕಾನೂನಿಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಕೂರುವ ವ್ಯವಸ್ಥೆ ಕಡ್ಡಾಯ ಮಾಡಿತು, 2021ರಲ್ಲಿ ತಮಿಳುನಾಡೂ ಮಾಡಿತು. ಕಾರ್ಖಾನೆಗಳಿಗೆ 1948ರ ಕಾಯ್ದೆಯ 44ನೇ ಸೆಕ್ಷನ್ನಿನಲ್ಲೇ ಇತ್ತು, ನಿಂತು ದುಡಿಯಬೇಕಾದವರಿಗೆ ಸಂದು ಸಿಕ್ಕಾಗ ಕೂರಲು ಆಸನ ಇಡಬೇಕು ಅಂತ. ನಾನು ಮಂಚದ ಅಂಚಿನಲ್ಲಿ ಎಷ್ಟು ಬೆರಳು ಎಳೆದರೂ ಗ್ರಾನೈಟಿನ ಮೇಲೆ ಆರು ಪೀರಿಯಡ್ ನಿಲ್ಲುವುದು ಹಾಗೇ ಉಳಿದರೆ ಹಗ್ಗಕ್ಕೆ ಬಿಡುವು ಎಲ್ಲಿ? ನನ್ನ ಕಾಲಿನ ಕೆಲಸ ನಾನು ಮಾಡುತ್ತೇನೆ. ಕುರ್ಚಿ ಇಡುವ ಕೆಲಸ ಇನ್ನೊಬ್ಬರದು, ಅದನ್ನು ಅವರು ಮಾಡಲೇಬೇಕು.

ಕಳೆದ ಜೂನಿನ ಸಿಬ್ಬಂದಿ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ಕ್ಯಾಲೆಂಡರ್ ಕೈಯಲ್ಲಿ ಇರಲಿಲ್ಲ, ಆದರೆ ಅಂಕಿಗಳು ಬಾಯಿಗೆ ಬರುತ್ತಿದ್ದವು. ಶಾಲೆ ಇರುವ ದಿನ ಎಷ್ಟು, ರಜೆಯಲ್ಲಿ ಎಷ್ಟು, ಪರೀಕ್ಷೆ ಮೇಲ್ವಿಚಾರಣೆಯ ಮರುದಿನ ಎಷ್ಟು. ನಾನು ಮುಗಿಸುವ ಮುಂಚೆಯೇ ಕನ್ನಡ ಟೀಚರು, ಆಮೇಲೆ ಪಿ.ಟಿ. ಮೇಷ್ಟ್ರು, ಆಮೇಲೆ ಇನ್ನೂ ಮೂವರು ತಮ್ಮ ಹಿಮ್ಮಡಿಯ ವಿಷಯ ಹೇಳಿದರು. ಇಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಊಟ ಮಾಡಿದ್ದೇವೆ, ಯಾರಿಗೂ ಯಾರ ಕಾಲೂ ಗೊತ್ತಿರಲಿಲ್ಲ. ಆಗಸ್ಟಿನಲ್ಲಿ ಹತ್ತನೇ ತರಗತಿಯ ಎರಡೂ ಸೆಕ್ಷನ್ನಿಗೆ ಎತ್ತರದ ಮರದ ಸ್ಟೂಲ್ ಬಂದವು. ಮಕ್ಕಳು ಲೆಕ್ಕ ಬಿಡಿಸುವ ಹದಿನೈದು ನಿಮಿಷ ಅದರ ಮೇಲೆ ಕೂರುತ್ತೇನೆ, ಕೂತಲ್ಲಿಂದ ಕೊನೆಯ ಬೆಂಚಿನ ನೋಟ್‌ಬುಕ್ಕೂ ಕಾಣುತ್ತದೆ. ಎಂಟು, ಒಂಬತ್ತಕ್ಕೆ ಇನ್ನೂ ಬಂದಿಲ್ಲ. ಈ ಜೂನಿನ ಸಭೆಗೆ ಆ ಕ್ಯಾಲೆಂಡರನ್ನೇ ಒಯ್ಯೋಣ ಅಂತ ಸುರುಳಿ ಸುತ್ತಿ ನನ್ನ ಬ್ಯಾಗಿನ ಪಕ್ಕ ಇಟ್ಟಿದ್ದೇನೆ. ಡಬ್ಬಿ ತಳಕ್ಕೆ ಬೇರೆ ವರ್ಷದ್ದು ಕೊಟ್ಟಿದ್ದೇನೆ ಅತ್ತೆಗೆ.